ಅದೇ ಲೆವೆಲ್, ಇನ್ನೊಂದು ವರ್ಷ

ಮೂಲತಃ ಮಂಗಳೂರಿನ ಕಡೆಯವರಾದ, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿರುವ ಸೋದರಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ 9 ವರ್ಷದ ಮಗಳು ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ ಅಭ್ಯಾಸ. ಕಳೆದ ವರ್ಷ ಲೆವೆಲ್ 4ರಲ್ಲಿ ಸ್ಪರ್ಧಿಸಿದಳು. ಈ ವರ್ಷವೂ ಅದೇ ಲೆವೆಲ್‌ನಲ್ಲಿ ಇರಲಿ ಎಂದು ಕೋಚ್ ಹೇಳಿದ್ದಾರೆ. ಜೊತೆಗಿದ್ದ ಮೂವರು ಹುಡುಗಿಯರು ಲೆವೆಲ್ 5ಕ್ಕೆ ಹೋಗಿದ್ದಾರೆ. ಮಗಳು ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಅಳುತ್ತಾಳೆ. ತಂದೆಗೆ ಸಿಟ್ಟು. 40 ನಿಮಿಷ ದೂರದಲ್ಲಿ ಇನ್ನೊಂದು ಜಿಮ್ ಇದೆ, ಅಲ್ಲಿ ಮಕ್ಕಳನ್ನು ಬೇಗ ಮೇಲಕ್ಕೆ ಕಳಿಸುತ್ತಾರೆ, ಅಲ್ಲಿಗೇ ಸೇರಿಸೋಣ ಎನ್ನುತ್ತಾರೆ. ಊರಿನಿಂದ ಫೋನ್ ಮಾಡುವ ಉಮ್ಮ, "ಇನ್ನೂ ನಾಲ್ಕರಲ್ಲೇ ಇದ್ದಾಳಾ?" ಎಂದು ಕೇಳುತ್ತಾರಂತೆ. ಏನು ಮಾಡಲಿ ಎಂಬುದು ಸೋದರಿಯ ಪ್ರಶ್ನೆ.

ನಮ್ಮ ಹೆಚ್ಚಿನ ಓದುಗರಿಗೆ ಈ ಲೆವೆಲ್‌ಗಳ ಲೆಕ್ಕ ಹೊಸದು. ಮೊದಲು ಅದನ್ನು ತಿಳಿದುಕೊಳ್ಳೋಣ.

ಅಮೆರಿಕದಲ್ಲಿ ಈ ಆಟದ ಆಡಳಿತ ನಡೆಸುವ ಸಂಸ್ಥೆಯ ಹೆಸರು ಯುಎಸ್‌ಎ ಜಿಮ್ನಾಸ್ಟಿಕ್ಸ್. ಹುಡುಗಿಯರಿಗಾಗಿ ಅದು 1ರಿಂದ 10ರವರೆಗೆ ಲೆವೆಲ್‌ಗಳನ್ನು ಮಾಡಿದೆ. ಅದನ್ನೂ ದಾಟಿದವರು 'ಎಲೀಟ್'. ಟಿವಿಯಲ್ಲಿ ನಾವು ನೋಡುವ ಒಲಿಂಪಿಕ್ಸ್ ಹುಡುಗಿಯರು ಅವರು. 5ನೇ ಲೆವೆಲ್‌ವರೆಗೆ ಇಡೀ ದೇಶದ ಮಕ್ಕಳಿಗೆ ಒಂದೇ ಪಾಠ. ಬೀಮ್ ಮೇಲೆ ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂಬುದು ಮೊದಲೇ ಗೊತ್ತುಮಾಡಿದ್ದು. ನೆಲದ ಮೇಲಿನ ಪ್ರದರ್ಶನಕ್ಕೆ ಸಂಗೀತ ಕೂಡ ಎಲ್ಲರಿಗೂ ಅದೇ. 6ರಿಂದ ಮೇಲೆ ಪ್ರತಿ ಹುಡುಗಿಗೂ ಅವಳದೇ ಆದ ಪ್ರದರ್ಶನ. ವಾಲ್ಟ್, ಬಾರ್ಸ್, ಬೀಮ್, ಫ್ಲೋರ್ ಎಂಬ ನಾಲ್ಕು ವಿಭಾಗಗಳಲ್ಲಿ ತಲಾ 10 ಅಂಕ, ಒಟ್ಟು 40. ಮೊಣಕಾಲು ಬಾಗಿದರೆ ಇಷ್ಟು, ಪಾದ ಚೂಪಾಗಿರದಿದ್ದರೆ ಇಷ್ಟು ಎಂದು ಕಳೆಯುತ್ತಾ ಹೋಗುತ್ತಾರೆ. ಬಿದ್ದರೆ ಒಮ್ಮೆಗೇ ಅರ್ಧ ಅಂಕ ಹೋಯಿತು. ಬೀಮ್‌ನ ಅಗಲ ಕೇವಲ 10 ಸೆಂಟಿಮೀಟರ್ ಎಂಬುದು ನೆನಪಿರಲಿ. ನಮ್ಮ ಅಂಗೈಯಷ್ಟು.

ಲೆವೆಲ್ ದಾಟಲು ಕನಿಷ್ಠ ಅಂಕವನ್ನು ಸಂಸ್ಥೆ ಗೊತ್ತುಪಡಿಸಿದೆ. ಆದರೆ ಅದು ತಳದ ಗೆರೆ ಮಾತ್ರ. ಅದನ್ನು ದಾಟಿದ ಹುಡುಗಿಯನ್ನೂ ಕೋಚ್ ಇನ್ನೊಂದು ವರ್ಷ ಅಲ್ಲೇ ಉಳಿಸಿಕೊಳ್ಳಬಹುದು. ನಿಜವಾದ ತೀರ್ಮಾನ ಆಯಾ ಜಿಮ್‌ನ ಕೋಚ್‌ನದು. ಹಾಗಾಗಿಯೇ ಇಷ್ಟೊಂದು ಅಸಮಾಧಾನ.

'ರಿಪೀಟ್' ಎಂಬ ಪದ ನಮ್ಮವರ ಕಿವಿಗೆ ಬಿದ್ದೊಡನೆ 'ಫೇಲ್' ಎಂದು ಕೇಳಿಸುತ್ತದೆ. ಶಾಲೆಯಲ್ಲಿ ಒಂದು ತರಗತಿಯಲ್ಲಿ ಎರಡು ವರ್ಷ ಕುಳಿತವನನ್ನು ನಾವು ನೋಡುವ ರೀತಿ ಗೊತ್ತಲ್ಲ! ಆದರೆ ಈ ಆಟದ ಲೆವೆಲ್ ಶಾಲೆಯ ತರಗತಿಯಂತಲ್ಲ. ಅದಕ್ಕೆ ಹತ್ತಿರದ ಹೋಲಿಕೆ ದರ್ಜಿಯ ಅಂಗಡಿ. ಕೆಲಸ ಕಲಿಯಲು ಬಂದ ಹುಡುಗನಿಗೆ ಮೊದಲು ಕಾಜಾ, ಗುಂಡಿ. ನಂತರ ಅಂಚು ಮಡಚುವುದು. ಕತ್ತರಿ ಅವನ ಕೈಗೆ ಯಾವಾಗ ಬರುತ್ತದೆ? ಯಜಮಾನನಿಗೆ ನಂಬಿಕೆ ಬಂದಾಗ. ಒಬ್ಬನಿಗೆ ಆರು ತಿಂಗಳು, ಇನ್ನೊಬ್ಬನಿಗೆ ಎರಡು ವರ್ಷ. ಬಟ್ಟೆ ಹಾಳಾದರೆ ಹೊಸ ಬಟ್ಟೆ ತರಬಹುದು. ಇಲ್ಲಿ ಪಣಕ್ಕಿಟ್ಟಿರುವುದು ಮಗುವಿನ ಕುತ್ತಿಗೆ, ಬೆನ್ನು, ಮೊಣಕೈ.

ಲೆವೆಲ್ 4ರ ಬಾರ್‌ನಲ್ಲಿ 'ಕಿಪ್' ಎಂಬ ಒಂದು ಪಟ್ಟು ಇದೆ. ಕೋಲಿಗೆ ಜೋತುಬಿದ್ದು ಮುಂದಕ್ಕೆ ಜೀಕಿ, ಪಾದಗಳನ್ನು ಕೋಲಿನ ಬಳಿ ತಂದು, ಕೈಬಲದಿಂದ ದೇಹವನ್ನು ಕೋಲಿನ ಮೇಲಕ್ಕೆ ಎಳೆದು ನಿಲ್ಲಿಸಬೇಕು. ನೋಡಲು ಎರಡು ಕ್ಷಣದ ಕೆಲಸ. ಕಲಿಯಲು ಎಷ್ಟೋ ಮಕ್ಕಳಿಗೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷವೇ ಬೇಕು. ಮುಂದಿನ ಲೆವೆಲ್‌ಗಳಲ್ಲಿ ಬಾರ್ ಮೇಲೆ ಮಾಡುವ ಎಲ್ಲದಕ್ಕೂ ಅದೇ ಮೆಟ್ಟಿಲು. ಅದು ಅರ್ಧಂಬರ್ಧ ಬರುವ ಹುಡುಗಿಯನ್ನು 5ಕ್ಕೆ ಕಳಿಸಿದರೆ ಅವಳು ಅಲ್ಲಿ ವರ್ಷವಿಡೀ ಬೀಳುತ್ತಾ ಇರುತ್ತಾಳೆ.

ಇನ್ನೊಂದು ವಿಷಯ. 9-10ರ ವಯಸ್ಸು ಎಂದರೆ ಹುಡುಗಿಯರು ಒಮ್ಮೆಲೇ ಉದ್ದವಾಗುವ ಹೊತ್ತು. ಕೈಕಾಲು ಬೆಳೆದಷ್ಟು ಬೇಗ ಬಲ ಬೆಳೆಯುವುದಿಲ್ಲ. ನಿನ್ನೆಯವರೆಗೆ ಸಲೀಸಾಗಿ ಹಿಂದಕ್ಕೆ ಲಾಗ ಹಾಕುತ್ತಿದ್ದ ಹುಡುಗಿ ಇವತ್ತು ನಿಂತಲ್ಲೇ ನಿಂತುಬಿಡುತ್ತಾಳೆ. ಮನಸ್ಸು ಹೇಳುತ್ತದೆ, ಕಾಲು ಏಳುವುದಿಲ್ಲ. ಇದು ಸೋಮಾರಿತನವಲ್ಲ, ಹಟವೂ ಅಲ್ಲ. ಈ ಆಟದಲ್ಲಿ ದೊಡ್ಡ ದೊಡ್ಡವರಿಗೂ ಇದು ಬಂದಿದೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತನ್ನ ದೇಹ ಎಲ್ಲಿದೆ ಎಂಬ ಅಂದಾಜೇ ಸಿಗದೆ ಸ್ಪರ್ಧೆಯ ನಡುವೆ ಹಿಂದೆ ಸರಿದದ್ದನ್ನು ಜಗತ್ತೇ ನೋಡಿತು. ಅವಳಿಗೆ ಆಗ 24 ವರ್ಷ. 9 ವರ್ಷದ ಮಗುವಿಗೆ ಭಯ ಬಂದರೆ ಅದು ಹೇಗೆ ತಪ್ಪಾಗುತ್ತದೆ? ಅಂಥ ಮಗುವಿಗೆ ಕೆಳಗಿನ ಮೆಟ್ಟಿಲಲ್ಲಿ ಇನ್ನೊಂದು ವರ್ಷ ಸಿಗುವುದು ಎಷ್ಟೋ ಸಲ ಉಪಕಾರವೇ.

ಹಾಗೆಂದು ಪ್ರತಿಯೊಂದು ಕೋಚ್‌ನ ಮಾತನ್ನೂ ತಲೆಬಾಗಿ ಒಪ್ಪಬೇಕಾಗಿಲ್ಲ. ಮಕ್ಕಳನ್ನು ಬೇಕೆಂದೇ ಕೆಳಗಿನ ಲೆವೆಲ್‌ನಲ್ಲಿ ಉಳಿಸಿಕೊಳ್ಳುವ ಜಿಮ್‌ಗಳೂ ಇವೆ. ಎರಡನೇ ಸಲ ಅದೇ ಪ್ರದರ್ಶನ ಮಾಡುವ ಹುಡುಗಿಗೆ ಸಹಜವಾಗಿಯೇ ಹೆಚ್ಚು ಅಂಕ ಬರುತ್ತದೆ. ಪದಕ ಬರುತ್ತದೆ. ಜಿಮ್‌ನ ಗೋಡೆಯಲ್ಲಿ ತಂಡದ ಕಪ್ ಬರುತ್ತದೆ. ಅದನ್ನು ನೋಡಿ ಹೊಸ ಮಕ್ಕಳು ಬರುತ್ತಾರೆ. ಅಲ್ಲಿನ ಹೆತ್ತವರು ಇದನ್ನು 'ಸ್ಯಾಂಡ್‌ಬ್ಯಾಗಿಂಗ್' ಎಂದು ಕರೆದು ಬೈಯುತ್ತಾರೆ.

ಹಾಗಾದರೆ ನಿಮ್ಮ ಮಗಳನ್ನು ಉಳಿಸಿಕೊಂಡದ್ದು ಯಾವ ರೀತಿಯದು? ತಿಳಿಯುವ ದಾರಿ ಕಷ್ಟದ್ದಲ್ಲ. ಒಂದು ವಾರ ಅಭ್ಯಾಸದ ಹೊತ್ತಿನಲ್ಲಿ ಹೋಗಿ ಕುಳಿತುಕೊಳ್ಳಿ. ಮೂರು ಗಂಟೆಯಲ್ಲಿ ಎಷ್ಟು ಹೊತ್ತು ಅವಳು ಹಳೆಯ ಪ್ರದರ್ಶನವನ್ನೇ ಮಾಡುತ್ತಾಳೆ, ಎಷ್ಟು ಹೊತ್ತು ಮುಂದಿನ ಲೆವೆಲ್‌ನ ಪಟ್ಟುಗಳನ್ನು ಕಲಿಯುತ್ತಾಳೆ, ಎಷ್ಟು ಹೊತ್ತು ಸಾಲಿನಲ್ಲಿ ಸುಮ್ಮನೆ ನಿಂತಿರುತ್ತಾಳೆ ಎಂದು ನೋಡಿ. ಒಳ್ಳೆಯ ಕೋಚ್ ಆದರೆ ಹುಡುಗಿ ಸ್ಪರ್ಧಿಸುವುದು 4ರಲ್ಲಿ, ಕಲಿಯುವುದು 5 ಮತ್ತು 6ರದ್ದು. ಅಂಥ ವರ್ಷದ ಕೊನೆಯಲ್ಲಿ ಆಕೆ ಒಂದೇ ಜಿಗಿತಕ್ಕೆ ಮುಂದೆ ಹೋಗುವುದೂ ಉಂಟು. ಅದರ ಬದಲಾಗಿ ಅದೇ ಹೆಜ್ಜೆ, ಅದೇ ಸಂಗೀತ ವರ್ಷವಿಡೀ ಮುನ್ನೂರು ಸಲ ಎಂದಾದರೆ ಆ ವರ್ಷ ಹೋಯಿತೆಂದೇ ಲೆಕ್ಕ.

ನಂತರ ಕೋಚ್ ಬಳಿ ಸಮಯ ಕೇಳಿ ಮಾತಾಡಿ. ಅಭ್ಯಾಸದ ನಡುವೆ ಅಲ್ಲ, ಬಾಗಿಲಲ್ಲಿ ನಿಂತೂ ಅಲ್ಲ. "ಯಾಕೆ ಕಳಿಸಲಿಲ್ಲ?" ಎಂದು ಕೇಳಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. "ಮೇಲೆ ಹೋಗಲು ಅವಳಲ್ಲಿ ಯಾವ ಮೂರು ವಿಷಯಗಳು ಸುಧಾರಿಸಬೇಕು?" ಎಂದು ಕೇಳಿ. ಮಗುವನ್ನು ನಿಜವಾಗಿ ನೋಡುತ್ತಿರುವ ಕೋಚ್‌ಗೆ ಈ ಪ್ರಶ್ನೆಯ ಉತ್ತರ ಬಾಯಲ್ಲೇ ಇರುತ್ತದೆ. ಕಿಪ್‌ನಲ್ಲಿ ಮೊಣಕೈ ಬಾಗುತ್ತದೆ, ಬೀಮ್ ಮೇಲೆ ಕೈ ಊರಿ ನಿಲ್ಲುವುದು ಸೊಟ್ಟ, ಹೀಗೆ. ಅಂಕಪಟ್ಟಿಗಳನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ಒಟ್ಟು ಅಂಕ ಚೆನ್ನಾಗಿದ್ದು ಬಾರ್‌ನಲ್ಲಿ ಮಾತ್ರ ಪ್ರತಿ ಸಲ ಕಡಿಮೆ ಬಿದ್ದಿದ್ದರೆ ಕೋಚ್ ಹೇಳಿದ್ದು ಸರಿ ಎಂದಾಯಿತು. "ಅವಳಿನ್ನೂ ತಯಾರಿಲ್ಲ, ಅಷ್ಟೆ" ಎಂಬುದಷ್ಟೇ ಉತ್ತರವಾದರೆ ಸ್ವಲ್ಪ ಯೋಚಿಸಬೇಕು.

ಇನ್ನು ಜಿಮ್ ಬದಲಿಸುವ ಮಾತು. ತಂದೆಯಂದಿರಿಗೆ ಇದು ಬೇಗ ಹೊಳೆಯುವ ಪರಿಹಾರ. (ನಮ್ಮಲ್ಲೂ ಈಜು, ಬ್ಯಾಡ್ಮಿಂಟನ್, ಟ್ಯೂಷನ್ ಎಲ್ಲದರಲ್ಲೂ ಹೀಗೇ ಅಲ್ಲವೇ?) ಆದರೆ ಹೆಚ್ಚಿನವರಿಗೆ ಮೊದಲೇ ಗೊತ್ತಿಲ್ಲದ ಒಂದು ಸಂಗತಿ ಇದೆ. ಹೊಸ ಜಿಮ್‌ನವರು ಹಳೆಯ ಲೆವೆಲನ್ನು ಹಾಗೇ ಒಪ್ಪಿಕೊಳ್ಳಬೇಕೆಂದೇನೂ ಇಲ್ಲ. ಅವರು ಮಗುವನ್ನು ತಮ್ಮಲ್ಲಿ ಪರೀಕ್ಷಿಸಿ ನೋಡುತ್ತಾರೆ. ಅವರ ಪದ್ಧತಿ ಬೇರೆ, ಅವರು ಬಯಸುವ ಅಚ್ಚುಕಟ್ಟು ಬೇರೆ. ಲೆವೆಲ್ 5 ಸಿಗುತ್ತದೆಂದು ಹೋದ ಹುಡುಗಿಯನ್ನು ಅಲ್ಲಿಯೂ 4ರಲ್ಲೇ ನಿಲ್ಲಿಸುವುದು ಅಪರೂಪವಲ್ಲ. ಆಗ ಅದೇ ಲೆವೆಲ್, ಆದರೆ ಗೆಳತಿಯರಿಲ್ಲ.

ದೂರದ ಲೆಕ್ಕವನ್ನೂ ಹಾಕಿ. ಹೋಗಲು 40, ಬರಲು 40 ನಿಮಿಷ. ವಾರಕ್ಕೆ ನಾಲ್ಕು ದಿನವೆಂದರೆ 5 ಗಂಟೆ 20 ನಿಮಿಷ ಕಾರಿನಲ್ಲೇ. ಹೋಮ್‌ವರ್ಕ್ ಕಾರಿನಲ್ಲಿ, ರಾತ್ರಿಯ ಊಟ ಕಾರಿನಲ್ಲಿ. ಚಿಕ್ಕ ಮಗನೂ ಇದ್ದಾನೆಂದು ಸೋದರಿ ಬರೆದಿದ್ದಾರೆ. ಅವನ ಸಂಜೆಗಳು ಏನಾಗುತ್ತವೆ? ತಿಂಗಳಿಗೆ ನೂರಾರು ಡಾಲರ್ ಫೀಸು, ಸ್ಪರ್ಧೆಯ ಶುಲ್ಕ, ತಂಡದ ಉಡುಪು ಬೇರೆ. ಹೊಸ ಜಿಮ್ ಎಂದರೆ ಹೊಸ ಉಡುಪು ಕೂಡ.

ಈ ವಿಷಯ ಬಂದಾಗ ಅಲ್ಲಿನ ಹೆತ್ತವರು ಗ್ಯಾಬಿ ಡಗ್ಲಸ್ ಹೆಸರು ಹೇಳುತ್ತಾರೆ. ವರ್ಜೀನಿಯಾ ರಾಜ್ಯದ ಆ ಹುಡುಗಿ 2010ರಲ್ಲಿ, 14ನೇ ವಯಸ್ಸಿನಲ್ಲಿ, ತಾಯಿಯನ್ನು ಬಿಟ್ಟು ಅಯೋವಾದ ವೆಸ್ಟ್ ಡೆಮೊಯಿನ್‌ಗೆ ಹೋಗಿ ಲಿಯಾಂಗ್ ಚೌ ಎಂಬ ಕೋಚ್ ಬಳಿ ಸೇರಿದಳು. ಪರಿಚಯವಿಲ್ಲದ ಕುಟುಂಬವೊಂದರ ಮನೆಯಲ್ಲಿ ಉಳಿದಳು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಲ್‌ರೌಂಡ್ ಚಿನ್ನ ಗೆದ್ದಳು. ಕತೆಯ ಇಷ್ಟು ಭಾಗ ಎಲ್ಲರಿಗೂ ಗೊತ್ತು. ಮನೆಯ ನೆನಪು ಕಾಡಿ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ ಆಟವನ್ನೇ ಬಿಡಲು ಹೊರಟಿದ್ದೆ ಎಂದು ಆಕೆಯೇ ಆಮೇಲೆ ಹೇಳಿಕೊಂಡದ್ದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಸಿಮೋನ್ ಬೈಲ್ಸ್‌ಳ ದಾರಿ ಬೇರೆ. ಎಳೆಯ ವಯಸ್ಸಿನಿಂದ 2016ರ ರಿಯೋ ಒಲಿಂಪಿಕ್ಸ್‌ವರೆಗೆ ಆಕೆಗೆ ಕೋಚ್ ಒಬ್ಬರೇ, ಏಮಿ ಬೋರ್ಮನ್. ನಡುವೆ ಜಿಮ್‌ನ ಕಟ್ಟಡ ಬದಲಾಯಿತು, ಕೋಚ್ ಬದಲಾಗಲಿಲ್ಲ. ನಮ್ಮ ದೇಶದ ದೀಪಾ ಕರ್ಮಾಕರ್ ಅವರನ್ನೇ ನೋಡಿ. ಅಗರ್ತಲಾದಲ್ಲಿ 6ರ ವಯಸ್ಸಿನಲ್ಲಿ ಶುರು ಮಾಡಿದವರು. ಚಪ್ಪಟೆ ಪಾದ. ಈ ಆಟಕ್ಕೆ ಅದು ದೊಡ್ಡ ತೊಡಕು. ಬಿಶ್ವೇಶ್ವರ್ ನಂದಿ ಎಂಬ ಕೋಚ್ ಆ ಪಾದಗಳನ್ನು ತಿದ್ದುವುದಕ್ಕೇ ವರ್ಷಗಳನ್ನು ಕಳೆದರು. ಅಮೆರಿಕದ ಜಿಮ್‌ಗಳ ಸಲಕರಣೆಗಳಲ್ಲಿ ಕಾಲುಪಾಲೂ ಅಲ್ಲಿ ಇರಲಿಲ್ಲ. ಆದರೂ 2016ರಲ್ಲಿ ರಿಯೋದ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಗಳಿಸಿ 4ನೇ ಸ್ಥಾನ ಪಡೆದರು. ಕಂಚಿಗೆ ಬೇಕಿದ್ದದ್ದು ಇನ್ನು 0.15 ಅಂಕ. 2024ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳುವವರೆಗೂ ನಂದಿಯವರೇ ಅವರ ಗುರು. ಒಬ್ಬಳು ಊರು ಬಿಟ್ಟು ಗೆದ್ದಳು, ಒಬ್ಬಳು ಬಿಡದೆ ಗೆದ್ದಳು. ನಿಮ್ಮ ಮಗಳ ವಿಷಯದಲ್ಲಿ ತೀರ್ಮಾನಿಸಲು ಇವರಿಬ್ಬರೂ ಸಾಕ್ಷಿಗೆ ಬರುವುದಿಲ್ಲ.

ಈಗ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ಅರ್ಧ ಸಾಲಿನಲ್ಲಿ ಸೋದರಿ ಹೀಗೆ ಬರೆದಿದ್ದಾರೆ: ಮಗಳಿಗೆ ಎರಡು ತಿಂಗಳಿಂದ ಮಣಿಕಟ್ಟು ನೋವು, "ಕೋಚ್‌ಗೆ ಹೇಳಬೇಡ ಉಮ್ಮಾ" ಅನ್ನುತ್ತಾಳೆ. ಆಮೇಲೆ ಪತ್ರ ಮತ್ತೆ ಲೆವೆಲ್‌ನ ವಿಷಯಕ್ಕೆ ಹೋಗಿದೆ. ಸೋದರಿ, ನಿಮ್ಮ ನಾಲ್ಕು ಪುಟಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಈ ಅರ್ಧ ಸಾಲು.

ಈ ಆಟದಲ್ಲಿ ಮಕ್ಕಳು ಕೈಯನ್ನೇ ಕಾಲಾಗಿಸಿ ದೇಹದ ಭಾರ ಹೊರುತ್ತಾರೆ. ಮಣಿಕಟ್ಟಿನ ಬಳಿ ಮುಂಗೈ ಎಲುಬು ಬೆಳೆಯುವ ಮೃದು ಭಾಗ ಇರುತ್ತದೆ. ಅದಕ್ಕೆ ಪದೇ ಪದೇ ಪೆಟ್ಟು ಬಿದ್ದರೆ ಅದು ಊದಿಕೊಳ್ಳುತ್ತದೆ, ನೋಯುತ್ತದೆ. ವೈದ್ಯರು ಇದನ್ನು 'ಜಿಮ್ನಾಸ್ಟ್ ರಿಸ್ಟ್' ಎಂದೇ ಕರೆಯುತ್ತಾರೆ. ಬೇಗ ಗುರುತಿಸಿ ಕೆಲವು ವಾರ, ಬೇಕಾದರೆ ಕೆಲವು ತಿಂಗಳು ಕೈಗೆ ಭಾರ ಕೊಡದೆ ಇದ್ದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ನೋವು ನುಂಗಿಕೊಂಡು ಮುಂದುವರಿಸಿದರೆ ಆ ಎಲುಬಿನ ಬೆಳವಣಿಗೆ ಕುಂಠಿತವಾಗಬಹುದು. ಬೆನ್ನಿನ ಕೆಳಭಾಗದ ನೋವು, ಹಿಮ್ಮಡಿ ನೋವು ಕೂಡ ಹೀಗೆಯೇ. ಎರಡು ತಿಂಗಳ ನೋವಿಗೆ ಎಣ್ಣೆ ತಿಕ್ಕಿ ಕಾಯಬೇಡಿ. ಮಕ್ಕಳ ಎಲುಬು ಬಲ್ಲ ವೈದ್ಯರಿಗೆ ಈ ವಾರವೇ ತೋರಿಸಿ.

ಎರಡನೆಯದು, ಕೋಚ್‌ಗೆ ಹೇಳಬೇಡ ಎಂದು ಮಗು ಯಾಕೆ ಹೇಳಿತು? ಉತ್ತರ ಎರಡು ಬಗೆಯದ್ದಿರಬಹುದು. ಹೇಳಿದರೆ ಇನ್ನೂ ಹಿಂದೆ ಬೀಳುತ್ತೇನೆ ಎಂಬ ಅವಳದೇ ಅಂಜಿಕೆ ಇರಬಹುದು. ಅಥವಾ ನೋವು ಹೇಳಿಕೊಂಡ ಮಕ್ಕಳನ್ನು ಅಲ್ಲಿ ಗೇಲಿ ಮಾಡುತ್ತಾರೆ, ಮಾತು ಬಿಡುತ್ತಾರೆ, ಶಿಕ್ಷೆಯಾಗಿ ಹೆಚ್ಚುವರಿ ಕಸರತ್ತು ಕೊಡುತ್ತಾರೆ ಎಂದಿರಬಹುದು. ಮೊದಲನೆಯದಾದರೆ ಸಮಾಧಾನದ ಮಾತು ಸಾಕು. ಎರಡನೆಯದಾದರೆ ಲೆವೆಲ್ 4, 5ರ ಚರ್ಚೆ ಬಿಟ್ಟುಬಿಡಿ. ಋತು ಮುಗಿಯಲಿ, ಕಟ್ಟಿದ ಫೀಸು ತೀರಲಿ ಎಂದು ಕಾಯದೆ ಮಗುವನ್ನು ಅಲ್ಲಿಂದ ಕರೆದುಕೊಂಡು ಬನ್ನಿ.

ನಾನು ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಎಂಬಾತ ಚಿಕಿತ್ಸೆಯ ನೆಪದಲ್ಲಿ ವರ್ಷಾನುಗಟ್ಟಲೆ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ. 2016ರಲ್ಲಿ ಪತ್ರಿಕೆಯೊಂದು ಅದನ್ನು ಬಯಲಿಗೆಳೆಯಿತು. 2018ರ ಜನವರಿಯಲ್ಲಿ ಮಿಶಿಗನ್‌ನ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಮೇಲಾದದ್ದನ್ನು ಹೇಳಿದರು. ಅವನಿಗೆ 40ರಿಂದ 175 ವರ್ಷಗಳ ಶಿಕ್ಷೆಯಾಯಿತು. ಅವರಲ್ಲಿ ಕೆಲವರು ಎಳೆಯರಿದ್ದಾಗಲೇ ದೊಡ್ಡವರಿಗೆ ಹೇಳಿದ್ದರು, ದೊಡ್ಡವರು ನಂಬಲಿಲ್ಲ. ಕೆಲವು ಸಲ ತಾಯಿ ತಂದೆ ಅದೇ ಕೋಣೆಯಲ್ಲಿ ಕುಳಿತಿದ್ದರೂ ಅವರಿಗೆ ಗೊತ್ತಾಗಲಿಲ್ಲ. ಬ್ರಿಟನ್‌ನಲ್ಲಿ 2022ರಲ್ಲಿ ಪ್ರಕಟವಾದ ವೈಟ್ ವರದಿಯೂ ಅಲ್ಲಿನ ಜಿಮ್‌ಗಳಲ್ಲಿ ಮಕ್ಕಳನ್ನು ಬೈದು, ತೂಕದ ವಿಷಯದಲ್ಲಿ ಅವಮಾನಿಸಿ, ಗಾಯವಾದಾಗಲೂ ಆಡಿಸಿದ್ದನ್ನು ದಾಖಲಿಸಿದೆ. ಬಾಯಿ ಮುಚ್ಚಿಕೊಂಡು ಹೇಳಿದಂತೆ ಕೇಳುವ ಹುಡುಗಿ ಒಳ್ಳೆಯ ಜಿಮ್ನಾಸ್ಟ್ ಎಂಬ ನಂಬಿಕೆ ಎರಡೂ ಕಡೆ ಬೇರೂರಿತ್ತು.

2017ರಲ್ಲಿ ಅಮೆರಿಕದಲ್ಲಿ ಸೇಫ್‌ಸ್ಪೋರ್ಟ್ ಎಂಬ ಪ್ರತ್ಯೇಕ ಕೇಂದ್ರ ಆರಂಭವಾಯಿತು. ಅಲ್ಲಿಗೆ ಯಾರೂ ದೂರು ಕೊಡಬಹುದು. ದೊಡ್ಡವರೊಬ್ಬರು ಮಗುವಿನ ಜೊತೆ ಇರುವಾಗ ಬೇರೆಯವರ ಕಣ್ಣಿಗೆ ಕಾಣುವಂತೆ, ಯಾರಾದರೂ ನಡುವೆ ಬರಬಹುದಾದಂಥ ಜಾಗದಲ್ಲೇ ಇರಬೇಕು ಎಂಬ ನಿಯಮವಿದೆ. ಹೊಸ ಜಿಮ್ ನೋಡಲು ಹೋದಾಗ ಹೊಳೆಯುವ ಕಪ್‌ಗಳನ್ನು ಆಮೇಲೆ ನೋಡಿ. ಹೆತ್ತವರು ಕುಳಿತು ನೋಡಲು ಜಾಗ ಇದೆಯೇ, ಬಿದ್ದು ಅತ್ತ ಮಗುವಿನ ಬಳಿ ಕೋಚ್ ಏನು ಮಾಡುತ್ತಾರೆ, ಗಾಯದಿಂದ ಎದ್ದು ಬಂದ ಮಕ್ಕಳು ಅಲ್ಲಿ ಇನ್ನೂ ಇದ್ದಾರೆಯೇ, ಇವನ್ನು ಮೊದಲು ನೋಡಿ. ದೊಡ್ಡ ಲೆವೆಲ್‌ನ ಹುಡುಗಿಯರ ಮುಖ ನೋಡಿದರೂ ಸಾಕಷ್ಟು ತಿಳಿಯುತ್ತದೆ.

ಉಡುಪಿನ ಬಗ್ಗೆಯೂ ಕೇಳಿದ್ದೀರಿ. ಕಾಲು ಮುಚ್ಚುವ ಪೂರ್ಣ ಉಡುಪಿಗೆ ಅಂತಾರಾಷ್ಟ್ರೀಯ ನಿಯಮದಲ್ಲಿ ಅಡ್ಡಿಯಿಲ್ಲ. 2021ರಲ್ಲಿ ಜರ್ಮನಿಯ ಹುಡುಗಿಯರು ಬಾಸೆಲ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲೂ ನಂತರ ಟೋಕಿಯೋದಲ್ಲೂ ಅಂಥದ್ದನ್ನೇ ತೊಟ್ಟರು. ಅವರ ಕಾರಣ ಧರ್ಮವಲ್ಲ, ತಮಗೆ ಹಿತವಾಗಿರುವುದನ್ನು ತೊಡುವ ಹಕ್ಕು ತಮಗಿರಲಿ ಎಂಬುದು. ನಿಮ್ಮ ಮಗಳ ಲೆವೆಲ್‌ನ ನಿಯಮ ಮತ್ತು ತಂಡದ ಉಡುಪಿನ ವಿಷಯವನ್ನು ಫೀಸು ಕಟ್ಟುವ ಮುಂಚೆಯೇ ಮಾತಾಡಿಕೊಳ್ಳಿ. ಸ್ಪರ್ಧೆಯ ಬೆಳಿಗ್ಗೆ ಆ ಚರ್ಚೆ ಬೇಡ.

ಊರಿನ ಉಮ್ಮನಿಗೆ ಏನು ಹೇಳುವುದು? "ಕೈ ಗಟ್ಟಿಯಾಗಲಿ ಎಂದು ನಿಲ್ಲಿಸಿದ್ದಾರೆ" ಎಂದರೆ ಅವರಿಗೆ ಅರ್ಥವಾಗುತ್ತದೆ. ಅದನ್ನು ಮಗಳಿಗೆ ಕೇಳಿಸುವಂತೆಯೇ ಹೇಳಿ. ಕಾರಿನಲ್ಲಿ ಅವಳು ಅಳುವುದು ಯಾವುದಕ್ಕೆ ಎಂದೂ ಒಮ್ಮೆ ಕೇಳಿ ನೋಡಿ, ಉತ್ತರವನ್ನು ನೀವೇ ತುಂಬಿಸಬೇಡಿ. ಲೆವೆಲ್‌ಗಾಗಿ ಎಂದು ನಾವು ಭಾವಿಸಿರುತ್ತೇವೆ. ಮೂವರು ಗೆಳತಿಯರು ಬೇರೆ ಸಾಲಿಗೆ ಹೋದರು ಎಂಬುದೇ ಅವಳ ದುಃಖವಿರಬಹುದು. ಅಪ್ಪ ಸಿಟ್ಟಾಗಿದ್ದಾರೆ ಎಂಬುದೂ ಇರಬಹುದು.

ಎಲ್ಲ ನೋಡಿದ ಮೇಲೂ ಬದಲಿಸುವುದೇ ಸರಿ ಎನಿಸಿದರೆ, ಜಿಮ್‌ನಲ್ಲಿ ಭಯಪಡುವಂಥದ್ದೇನೂ ಇಲ್ಲದಿದ್ದರೆ, ಸ್ಪರ್ಧೆಗಳ ಋತು ಮುಗಿಯುವವರೆಗೆ ಕಾಯಿರಿ. ಹೊಸ ಕಡೆ ಒಂದೆರಡು ದಿನ ಅಭ್ಯಾಸಕ್ಕೆ ಕಳಿಸಿ, ಯಾವ ಲೆವೆಲ್ ಕೊಡುತ್ತಾರೆಂದು ಬಾಯಿಬಿಟ್ಟು ಕೇಳಿ. ಹಳೆಯ ಜಿಮ್‌ನ ಕಾಗದಗಳಲ್ಲಿ ಎಷ್ಟು ದಿನ ಮೊದಲು ತಿಳಿಸಬೇಕೆಂದು ಇದೆಯೋ ಓದಿಕೊಳ್ಳಿ, ಬಾಕಿ ತೀರಿಸಿ. ಕೋಚ್‌ಗೆ ಈ ವಿಷಯ ನಿಮ್ಮ ಬಾಯಿಂದಲೇ ಗೊತ್ತಾಗಲಿ, ಬೇರೆ ತಾಯಂದಿರಿಂದ ಅಲ್ಲ. ಕೊನೆಯ ದಿನ ಮಗಳ ಕೈಯಲ್ಲಿ ಗೆಳತಿಯರಿಗೆಂದು ಏನಾದರೂ ಸಿಹಿ ಮಾಡಿ ಕಳಿಸಿ. ಮುಂದಿನ ವರ್ಷದ ಸ್ಪರ್ಧೆಗಳಲ್ಲಿ ಅವರೆಲ್ಲ ಮತ್ತೆ ಒಂದೇ ಹಾಲ್‌ನಲ್ಲಿ ಸಿಗುತ್ತಾರೆ.